ಖಾನುಮಳ ಬಾಣಂತನ

ನಮ್ಮ ಅಪ್ಪ ಕೋಳಿ ಸಾಕುವುದರಲ್ಲಿ ಪಂಡಿತ ಎಂಬುದು ಮರ್ಗಿಲಾನ್ ಊರಿನ ನಮ್ಮ ಮೊಹಲ್ಲಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಕೋಳಿಗಳಿಗೆ ಮಾತ್ರ ಗೊತ್ತಿರಲಿಲ್ಲ. ಚಹಾಖಾನೆಯ ಮಂಚದ ಮೇಲೆ ಕಾಲು ಮಡಚಿ ಕುಳಿತು, ಹಸಿರು ಚಹಾದ ಬಟ್ಟಲು ಹಿಡಿದು, ಕಾವು, ಮೇವು, ಬೇನೆ, ಮದ್ದು ಎಂದು ಅವನು ಶುರು ಮಾಡಿದರೆ ಬಿಳಿ ಗಡ್ಡದ ಮುದುಕರೂ ತಲೆದೂಗುತ್ತಿದ್ದರು. ಆದರೆ ಹೋದ ವಸಂತದಲ್ಲಿ ನಮ್ಮ ಮನೆಯಲ್ಲಿ ಒಡೆದ ಮರಿಗಳು ಈ ಪಾಂಡಿತ್ಯವನ್ನು ತಾಳಲಾರದೆ ವಾರದೊಳಗೇ ಲೋಕ ಬಿಟ್ಟಿದ್ದವು.

ಕಾರಣ ಏನೆಂಬುದರಲ್ಲಿ ಮನೆಯಲ್ಲಿ ಎರಡು ಪಕ್ಷವಿತ್ತು. ಅಪ್ಪನ ಪ್ರಕಾರ, ಓಣಿಗೆಲ್ಲ ಚಿಕ್ಕಮ್ಮನಾದ ಎದುರು ಮನೆಯ ಇನೋಯತ್ ಖೋಲಾ ಅಂಗಳಕ್ಕೆ ಬಂದು, "ಅಯ್ಯೋ, ಎಷ್ಟು ಮುದ್ದಾಗಿವೆ, ಚಿನ್ನದ ಉಂಡೆಗಳ ಹಾಗೆ!" ಅಂದಳು, ಅಂದವಳು ಥೂ ಥೂ ಅನ್ನದೆ ಹೋದಳು, ದೃಷ್ಟಿ ತಾಗಿತು. ಅಮ್ಮನ ಪ್ರಕಾರ, ಮರುದಿನ ಅಪ್ಪ ಮರಿಗಳಿಗೆಲ್ಲ ಸಾಬೂನು ಹಚ್ಚಿ ಸ್ನಾನ ಮಾಡಿಸಿದ. ಎರಡೂ ನಡೆದದ್ದು ನಿಜ. ನಾನು ಯಾವ ಪಕ್ಷಕ್ಕೂ ಸೇರದೆ ಸತ್ತ ಮರಿಗಳನ್ನು ಏಪ್ರಿಕಾಟ್ ಮರದ ಬುಡದಲ್ಲಿ ಹೂತೆ.

ರೇಷ್ಮೆ ಕಾರ್ಖಾನೆಯ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅಪ್ಪ ಸುಮ್ಮನೆ ಕೂತವನಲ್ಲ. ಜೇನು ಸಾಕಿದ, ಜೇನುಗಳು ಒಂದು ದಿನ ಎದ್ದು ಇನೋಯತ್ ಖೋಲಾಳ ಚಾವಣಿಗೆ ಬಿಡಾರ ಬದಲಾಯಿಸಿದವು. ಸ್ನಾನದ ತೊಟ್ಟಿಯಲ್ಲಿ ಮೀನು ಸಾಕಿದ. ಆ ಬೇಸಿಗೆಯಿಡೀ ನಾವು ಚೆಂಬಿನಲ್ಲಿ ಮಿಂದೆವು. ಅಮ್ಮನ ತಾಳ್ಮೆ ಈ ಸಲದ ನವ್ರೂಜ್ ಹಬ್ಬಕ್ಕೆ ಮುಗಿಯಿತು. ಹಬ್ಬದ ಕಡಾಯಿ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಮಲಗಿದ್ದವಳು, ಮಲಗಿದಲ್ಲಿಂದಲೇ ತೀರ್ಪು ಕೊಟ್ಟಳು:

"ಇವಳಪ್ಪಾ, ಕೇಳಿಸ್ಕೊಳ್ಳಿ. ಈ ಸಲದ ಮರಿಗಳೂ ಸತ್ರೆ, ಆ ಹೇಟೆ ಸೀದಾ ಸೂಪಿನ ಪಾತ್ರೆಗೆ. ನೀವು ಸೀದಾ ನನ್ನ ತಮ್ಮನ ಅಂಗಡಿಗೆ."

ಅಮ್ಮನ ತಮ್ಮ ಕಾದಿರ್‌ಜಾನ್ ಮಾವ ಬಜಾರಿನಲ್ಲಿ ಕಮೋಡು, ಬೇಸಿನ್ನು ಮಾರುತ್ತಾನೆ. ಬಾಗಿಲಲ್ಲಿ ನಿಂತು ಹೋಗಿಬರುವವರನ್ನು "ಬನ್ನಿ, ಕೂತು ನೋಡಿ" ಎಂದು ಕರೆಯುವುದಕ್ಕೆ ಅವನಿಗೊಬ್ಬ ಗೌರವಸ್ಥ ಮನುಷ್ಯ ಬೇಕಾಗಿದ್ದ. ಭಾವನಿಗಿಂತ ಗೌರವಸ್ಥ ಯಾರು? ಅಪ್ಪನ ಮುಖ ಬಿಳಿಚಿಕೊಂಡಿತು. ಅವನ ಸ್ವಾತಂತ್ರ್ಯವೆಲ್ಲ ಈಗ ಕಪ್ಪು ಚುಕ್ಕೆಯ ಒಂದು ಹೇಟೆಯ ಹೊಟ್ಟೆಯ ಕೆಳಗೆ ಬೆಚ್ಚಗಿತ್ತು.

ಆ ಹೇಟೆಯ ಹೆಸರು ಖಾನುಮ್. ಅಜ್ಜಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆಯಲ್ಲಿ ಒಣಹುಲ್ಲಿನ ಬುಟ್ಟಿಯಲ್ಲಿ ಅದು ಕಾವಿಗೆ ಕೂತಿತ್ತು. ಗರಿ ಕೆದರಿಕೊಂಡು, ಯಾರು ಹತ್ತಿರ ಬಂದರೂ ಗುರ್ ಎನ್ನುತ್ತ, ದಿನಕ್ಕೊಮ್ಮೆ ಮಾತ್ರ ಎದ್ದು ಎರಡು ಕಾಳು, ನಾಲ್ಕು ಗುಟುಕು ನೀರು, ಬೂದಿಯಲ್ಲಿ ಒಂದು ಹೊರಳಾಟ ಮುಗಿಸಿ ಮತ್ತೆ ಕೂರುತ್ತಿತ್ತು. ಅಪ್ಪ ಕೈ ಹಾಕಿದಾಗಲೆಲ್ಲ ಕುಕ್ಕಿತು. ಬಹುಶಃ ಅದಕ್ಕೇ ಈ ಸಲ ಮೊಟ್ಟೆಗಳು ಉಳಿದವು.

ಹನ್ನೊಂದು ಮರಿಗಳು ಒಡೆದ ಬೆಳಿಗ್ಗೆ ಅಪ್ಪ ಒಂದು ಇಡೀ ರೊಟ್ಟಿಯನ್ನು ಎದೆಗವಚಿಕೊಂಡು ಅಮ್ಮನ ಹಾಸಿಗೆಯ ಪಕ್ಕ ನಿಂತ.

"ಇದನ್ನ ಮುಟ್ಟಿ ಆಣೆ ಮಾಡಿ. ಇಬ್ರೂ. ಚಿಲ್ಲಾ ಮುಗಿಯೋವರೆಗೂ ಮರಿಗಳ ಸುದ್ದಿ ಯಾರ ಹತ್ರಾನೂ ಎತ್ತಲ್ಲ ಅಂತ."

"ಯಾವ ಚಿಲ್ಲಾ?"

"ಹೆರಿಗೆ ಚಿಲ್ಲಾ ಕಣೇ. ನಲವತ್ತು ದಿನ. ಹೊರಗಿನವರು ಒಳಗೆ ಬರಬಾರದು, ಕಣ್ಣು ಬೀಳಬಾರದು. ನಮ್ಮ ಓಣೀಲಿ ಇಷ್ಟು ಮಕ್ಕಳು ಬದುಕಿದ್ದು ಹೇಗೆ? ಮನುಷ್ಯರಿಗೆ ಆಗೋದು ಕೋಳಿಗೆ ಯಾಕಾಗಲ್ಲ?"

"ನಿಮ್ಮ ಸಾಬೂನು ಆ ಕೋಣೆ ಒಳಗೆ ಬರದಿದ್ರೆ ಸಾಕು," ಎಂದಳು ಅಮ್ಮ. ಆದರೂ ಸೊಂಟದ ನೋವಿನಲ್ಲಿ ವಾದ ಬೆಳೆಸಲಾರದೆ ರೊಟ್ಟಿ ಮುಟ್ಟಿದಳು. ನಾನೂ ಮುಟ್ಟಿದೆ. ರೊಟ್ಟಿಯ ಮೇಲಿನ ಆಣೆ ಮುರಿದವರಿಗೆ ಏನಾಗುತ್ತದೋ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ಮುರಿದವರಿಲ್ಲ.

ಅಪ್ಪ ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ. ಬೀದಿಬಾಗಿಲಿಗೆ ಕೆಂಪು ಮೆಣಸಿನಕಾಯಿಯ ಸರ ಬಂತು. ರೇಷ್ಮೆಹುಳುವಿನ ಕೋಣೆಯಲ್ಲಿ ಹಗಲೂ ರಾತ್ರಿ ದೀಪ ಉರಿಯಿತು. ಬೆಳಿಗ್ಗೆ ಸಂಜೆ ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪಿನ ಹೊಗೆ ಓಣಿಯುದ್ದಕ್ಕೂ ಹರಡಿತು. ಬಜಾರಿನಿಂದ ನೀರು ಬಸಿದ ಗಟ್ಟಿ ಮೊಸರು, ಬರಗು, ಎಳೆ ಈರುಳ್ಳಿ ಸೊಪ್ಪು ಬಂದವು. ಮೊಟ್ಟೆ ಬೇಯಿಸಿ, ಒಳಗಿನ ಹಳದಿಯನ್ನು ಪುಡಿ ಮಾಡುವುದು ನನ್ನ ಕೆಲಸ. ತಟ್ಟೆಯ ನೀರಿನಲ್ಲಿ ಮರಿಗಳು ಮುಳುಗದಂತೆ ಬೆಣಚುಕಲ್ಲು ಜೋಡಿಸುವುದು ಅಪ್ಪನದು. ಖಾನುಮ್ ಮೊದಲು ತಾನು ಕುಕ್ಕಿ ತೋರಿಸಿ, ಕೊಕ್ ಕೊಕ್ ಎಂದು ಕರೆದು ತಿನ್ನಿಸುವುದು. ಅಪ್ಪ ಮರೆಯಲ್ಲಿ ಕೂತು ಕಣ್ಣು ತುಂಬಿಕೊಂಡು, "ನೋಡು, ನಾನು ಹೇಳಿಕೊಟ್ಟ ಹಾಗೇ ಮಾಡ್ತಿದೆ," ಎನ್ನುವನು.

ಇನೋಯತ್ ಖೋಲಾಳ ತಂದೂರು ಒಲೆ ನಮ್ಮ ಬಾಗಿಲಿಗೆ ಎದುರಾಗಿದೆ. ಓಣಿಯ ರೊಟ್ಟಿಯೂ ಸುದ್ದಿಯೂ ಅಲ್ಲೇ ಬೇಯುವುದು. ಅವಳು ಮೊದಲು ಮೆಣಸಿನಕಾಯಿ ನೋಡಿದಳು, ಆಮೇಲೆ ಹೊಗೆ ಮೂಸಿದಳು, ಆಮೇಲೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತಳ್ಳಿದಳು. ಅಪ್ಪ ಅಡ್ಡ ನಿಂತ.

"ಒಳಗೆ ಬರೋ ಹಾಗಿಲ್ಲ ಖೋಲಾ. ಚಿಲ್ಲಾ ನಡೀತಿದೆ."

"ಚಿಲ್ಲಾನಾ? ನಿಮ್ಮನೇಲಾ?"

"ನಿಧಾನಕ್ಕೆ ಮಾತಾಡಿ. ಈಗ ತಾನೇ ಮಲಗಿವೆ."

ಖೋಲಾ ಬಾಯಿಗೆ ತಲೆವಸ್ತ್ರದ ಸೆರಗು ಅಡ್ಡ ಹಿಡಿದು ಹಿಂದಕ್ಕೆ ನಡೆದಳು. ಅವಳ ಒಲೆಯಲ್ಲಿ ಅಂದು ರೊಟ್ಟಿಗಳು ಸೀದವೆಂದರೆ, ನಮ್ಮ ಓಣಿಯ ಇತಿಹಾಸ ಬಲ್ಲವರಿಗೆ ಆ ಸುದ್ದಿಯ ತೂಕ ತಿಳಿಯುತ್ತದೆ.

ಸಂಜೆಯೊಳಗೆ ಹೆಂಗಸರೆಲ್ಲ ಸೇರಿ ಲೆಕ್ಕ ಬಿಡಿಸಿದ್ದರು. ಸಲೋಮತ್, ಅಂದರೆ ನಮ್ಮ ಅಮ್ಮ, ನವ್ರೂಜಿನಿಂದ ಹೊರಗೆ ಬಂದಿಲ್ಲ. ಚಳಿಗಾಲವಿಡೀ ದಪ್ಪ ಅಂಗಿ ಹಾಕಿದ್ದಳು. ಹುಳಿ ಏಪ್ರಿಕಾಟ್ ತಿನ್ನುತ್ತಿದ್ದಳು. ನಮ್ಮ ಅಮ್ಮ ಮೂವತ್ತು ವರ್ಷದಿಂದ ಹುಳಿ ಏಪ್ರಿಕಾಟ್ ತಿನ್ನುತ್ತಿದ್ದಾಳೆ ಎಂಬುದು ಆಗ ಯಾರ ನೆನಪಿಗೂ ಬರಲಿಲ್ಲ. ಐವತ್ತು ದಾಟಿದ್ದಾಳೆ ಎಂಬುದು ನೆನಪಿಗೆ ಬಂತು. ಅದಕ್ಕೇ ಸುದ್ದಿ ಇನ್ನಷ್ಟು ರುಚಿಯಾಯಿತು.

ಮರುದಿನ ಅಪ್ಪ ಬರಗು ತರಲು ಹೋದ ಹೊತ್ತು ನೋಡಿ ಖೋಲಾ ಬಂದೇ ಬಂದಳು. ಓಣಿಗೇ ಹಿರಿಯಳು, ಕೈಯಲ್ಲಿ ತುಪ್ಪ ತೇಲುವ ಹಿಟ್ಟಿನ ಗಂಜಿ. ತಡೆಯಲು ಹೋದ ನನ್ನನ್ನು ಮೊಣಕೈಯಲ್ಲೇ ಸರಿಸಿ ಒಳಗೆ ನಡೆದಳು.

"ಬಿಸಿ ಇದ್ದಾಗ್ಲೇ ಕುಡಿ ಸಲೋಮತ್. ಹಾಲು ಚೆನ್ನಾಗಿ ಬರುತ್ತೆ."

ಅಮ್ಮ ಗಂಜಿಯನ್ನೂ ಖೋಲಾಳನ್ನೂ ನೋಡಿದಳು. "ಯಾವ ಹಾಲು?"

"ನಾಚ್ಕೋಬೇಡ ಕಣಮ್ಮ. ದೇವರು ಯಾವಾಗ ಕೊಡ್ತಾನೋ ಆವಾಗ ತಗೋಬೇಕು. ನಿನ್ನ ಗಂಡ ನಬಿಜಾನೇ ಹೇಳಿದ, ಚಿಲ್ಲಾ ನಡೀತಿದೆ ಅಂತ."

ಅಮ್ಮನಿಗೆ ಅರ್ಥವಾಗುತ್ತಲೇ ನಗು ಬಂತು, ನಗುವಿನಿಂದ ಸೊಂಟ ಹಿಡಿಯಿತು. "ಅಯ್ಯೋ ಖೋಲಾ, ನಾನೆಲ್ಲಿ ಹೆರಲಿ ಈ ವಯಸ್ಸಲ್ಲಿ! ನನಗಲ್ಲ!"

"ನಿನಗಲ್ವಾ?"

"ಅಲ್ಲ."

"ಹಾಗಾದ್ರೆ..."

ಖೋಲಾಳ ಕಣ್ಣು ಕೋಣೆಯಲ್ಲೆಲ್ಲ ಸುತ್ತಾಡಿ ಮೆಲ್ಲಗೆ ಬಂದು ನನ್ನ ಮೇಲೆ ಕೂತಿತು. ನಾನು ಓದು ಮುಗಿಸಿ ಫರ್ಗಾನಾದಿಂದ ಮನೆಗೆ ಬಂದ ಮೇಲೆ ಹೊರಗೆ ಹೆಚ್ಚು ಕಾಣಿಸಿಕೊಂಡವಳಲ್ಲ. ಮದುವೆಯಾಗಿಲ್ಲ. ಮಾತೂ ಆಡುವುದಿಲ್ಲ. ಇಂಥವಳ ಮೇಲೆ ಕಥೆ ಕಟ್ಟುವುದು ಎಷ್ಟು ಸುಲಭ ಎಂದು ಖೋಲಾಳ ಮುಖದ ಮೇಲೇ ಬರೆದಿತ್ತು. ನಾನು ಮೊಟ್ಟೆಯ ಬಟ್ಟಲು ಹಿಡಿದುಕೊಂಡು ಬಾಗಿಲ ಹಿಂದಕ್ಕೆ ಸರಿದೆ.

ಅಮ್ಮ ಅದನ್ನು ಕಂಡಳು. ಕೋಳಿಯ ಹೆಸರೆತ್ತುವ ಹಾಗಿಲ್ಲ, ರೊಟ್ಟಿ ಮುಟ್ಟಿಯಾಗಿದೆ. ಅವಳು ದಿಂಬಿಗೆ ಒರಗಿ, ಮುಖದ ಮೇಲೆ ಹೆತ್ತವಳ ಆಯಾಸ ತಂದುಕೊಂಡು, ಕೈ ಚಾಚಿದಳು.

"ಕೊಡಿ ಗಂಜಿ. ನಂದೇ."

"ಮತ್ತೆ ಅಲ್ಲ ಅಂದೆ?"

"ನಾಚಿಕೆ ಆಯ್ತು."

ಅಂದಿನಿಂದ ಶುರುವಾಯಿತು ಉಪಚಾರ. ಮುಂದಿನ ಮನೆಯಿಂದ ಕುರಿಮಾಂಸದ ಸೂಪು, ಹಿಂದಿನ ಮನೆಯಿಂದ ಒಣದ್ರಾಕ್ಷಿ, ತಿರುವಿನ ಮನೆಯಿಂದ ಅಕ್ರೋಟಿನ ಹಲ್ವ. ಎಲ್ಲ ಬಾಗಿಲಲ್ಲಿ ಇಟ್ಟು, ಪಿಸುಮಾತಿನಲ್ಲಿ ಹರಸಿ ಹೋಗುವರು. ವಿಷಯ ಕೇಳಿ ಅಪ್ಪನಿಗೆ ಸಂತೋಷವೋ ಸಂತೋಷ. "ಸಲೋಮತ್, ಇದಕ್ಕಿಂತ ಒಳ್ಳೇದಾಗೋಕೆ ಸಾಧ್ಯನೇ ಇಲ್ಲ! ಇನ್ನು ಒಂದು ನರಪಿಳ್ಳೆನೂ ಒಳಗೆ ಕಾಲಿಡಲ್ಲ. ಸ್ವಲ್ಪ ದಿನ ಬಾಣಂತಿ ಆಗಿರು, ಅಷ್ಟೇ." ಅಮ್ಮ ಚಪ್ಪಲಿ ಎಸೆದಳು. ಆದರೆ ಹಲ್ವ ತಿನ್ನುವುದನ್ನು ಬಿಡಲಿಲ್ಲ. "ಇವಳನ್ನ ಹೆತ್ತಾಗಲೂ ನಂಗೆ ಇಷ್ಟು ಸಿಕ್ಕಿರ್ಲಿಲ್ಲ," ಎಂದಳು ನನ್ನತ್ತ ತಿರುಗಿ, ನನ್ನದೇ ತಪ್ಪು ಎಂಬಂತೆ. ಸೊಂಟವೂ ದಿನದಿನಕ್ಕೆ ಹಗುರಾಗುತ್ತಿತ್ತು.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೊಹಲ್ಲಾದ ಅಧ್ಯಕ್ಷ ಮಮಾದಲಿ ಇದ್ದಾನಲ್ಲ, ಅವನು ಯಾವ ಸಂತೋಷವನ್ನೂ ದಾಖಲಾಗದೆ ಬಿಡುವವನಲ್ಲ. ಟೊಪ್ಪಿ ಸರಿಮಾಡಿಕೊಂಡು, ನರ್ಸ್ ಗುಲ್‌ಚೆಹ್ರಾಳನ್ನು ಕರೆದುಕೊಂಡು, ಮೊಹಲ್ಲಾದ ಪರವಾಗಿ ಒಂದು ಕಂಬಳಿ ಹಿಡಿದು ಬಂದ.

"ನಬಿಜಾನ್ ಅಕಾ, ಅಣ್ಣಾ, ಅಭಿನಂದನೆ! ಇಡೀ ಜಿಲ್ಲೇಲಿ ಈ ವಯಸ್ಸಿಗೆ ಯಾರೂ ಹೆತ್ತಿಲ್ವಂತೆ. ನಮ್ಮ ಮೊಹಲ್ಲಾ ಮೊದಲನೇದು!"

"ತೂಕ ನೋಡ್ಬೇಕು ಅಕಾ," ಎಂದಳು ನರ್ಸ್.

"ಒಳಗೆ ಬಿಡಲ್ಲ."

"ನಾನು ನರ್ಸು!"

"ನರ್ಸಾದ್ರೂ ಎರಡು ಕಣ್ಣಿದೆಯಲ್ಲ ತಾಯಿ."

ಅಧ್ಯಕ್ಷ ನ್ಯಾಯ ಹೇಳಿದ: "ಸರಿ ಬಿಡಿ. ತಕ್ಕಡಿ ಅವರ ಕೈಲಿ ಕೊಡು. ಅವರೇ ತೂಗಿ ಬಂದು ಹೇಳ್ತಾರೆ."

ಅಪ್ಪ ತಕ್ಕಡಿ ಹಿಡಿದು ಒಳಗೆ ಹೋದ. ಬಾಯಿಗೆ ಬಂದದ್ದು ಒಂದು ಅಂಕಿ ಹೇಳಿ ಕಳಿಸಿದ್ದರೆ ಮುಗಿದಿತ್ತು. ಆದರೆ ಕೋಳಿ ಪಂಡಿತನ ಕೈಗೆ ಆಸ್ಪತ್ರೆಯ ಎಳೆಗೂಸಿನ ತಕ್ಕಡಿ ಸಿಕ್ಕರೆ ಅವನು ಏನು ಮಾಡಿಯಾನು? ಬಹಳ ಹೊತ್ತಾಯಿತು. ಒಳಗೆ ರೆಕ್ಕೆ ಬಡಿದ ಸದ್ದಾಯಿತು. ಕೈಮೇಲೆ ಎರಡು ಹೊಸ ಗಾಯದೊಂದಿಗೆ, ಮುಖದಲ್ಲಿ ಹೆಮ್ಮೆ ತುಂಬಿಕೊಂಡು ಹೊರಬಂದವನು, ನರ್ಸ್ ಪೆನ್ನು ತೆಗೆಯುವ ಮೊದಲೇ ಹೇಳಿಬಿಟ್ಟ:

"ಒಂದೊಂದೂ ಸೊಗಸಾಗಿ ಬೆಳೀತಿದೆ!"

"ಒಂದೊಂದೂ?" ಎಂದ ಅಧ್ಯಕ್ಷ. "ಎಷ್ಟಿವೆ ಅಕಾ?"

ಅಪ್ಪ ಗಡ್ಡ ಕೆರೆದುಕೊಂಡ. "ಜಾಸ್ತಿ ಏನಿಲ್ಲ..."

ನರ್ಸ್ ತಕ್ಕಡಿಯನ್ನು ಎದೆಗವಚಿಕೊಂಡು ಮೆಣಸಿನಕಾಯಿ ಸರದ ಕೆಳಗೇ ಕುಕ್ಕರಿಸಿದಳು. ಅಧ್ಯಕ್ಷ ಫೋನ್ ತೆಗೆದ. ಮೊಹಲ್ಲಾದ ಫೋನ್ ಗುಂಪಿನಲ್ಲಿ ಮಧ್ಯಾಹ್ನಕ್ಕೆ ಅವಳಿ, ಸಂಜೆಗೆ ತ್ರಿವಳಿ, ಮರುದಿನ ಯಾರೋ ನಾಲ್ಕು ಎಂದದ್ದಕ್ಕೆ ಅಧ್ಯಕ್ಷನೇ "ಉತ್ಪ್ರೇಕ್ಷೆ ಬೇಡ" ಎಂದು ಬರೆಯಬೇಕಾಯಿತು. ಆ ಗುಂಪಿನಲ್ಲಿ ಬಜಾರಿನ ಅರ್ಧ ಅಂಗಡಿಯವರೂ ಇದ್ದಾರೆ. ಕಾದಿರ್‌ಜಾನ್ ಮಾವನೂ ಇದ್ದಾನೆ.

ತೊಟ್ಟಿಲು ತರುವುದು ಹೆತ್ತವಳ ತವರಿನವರ ಧರ್ಮ. ಮಾವ ಧರ್ಮ ಬಿಟ್ಟವನಲ್ಲ. ಶುಕ್ರವಾರ ಬೆಳಿಗ್ಗೆ ಓಣಿಯ ತುದಿಯಲ್ಲಿ ಉದ್ದನೆಯ ಕಹಳೆ ಮೊಳಗಿತು. ಮಾವನ ಸಾಮಾನು ಗಾಡಿಯಲ್ಲಿ, ಎಂದಿನ ಕಮೋಡುಗಳ ಜಾಗದಲ್ಲಿ, ಬಣ್ಣ ಬಳಿದ ಎರಡು ತೊಟ್ಟಿಲುಗಳು ನಿಂತಿದ್ದವು. "ಮೂರನೇದು ಸಿಗಲಿಲ್ಲ," ಎಂದು ಅವನು ಎಲ್ಲರ ಹತ್ತಿರ ಕ್ಷಮೆ ಕೇಳುತ್ತ ಬಂದ. ಹಿಂದೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಮಿಠಾಯಿ. ಅದರ ಹಿಂದೆ ಕಹಳೆಯವನು. ಅವನ ಹಿಂದೆ ಓಣಿಗೆ ಓಣಿಯೇ.

"ಅಕ್ಕಾ!" ಎಂದು ಮಾವ ಅಂಗಳದಲ್ಲೇ ಅತ್ತ. "ನನಗೆ ಒಂದು ಮಾತು ಹೇಳ್ಲಿಲ್ವಲ್ಲ ಅಕ್ಕಾ! ಫೋನಲ್ಲಿ ನೋಡಿ ತಿಳ್ಕೋಬೇಕಾಯ್ತಲ್ಲ!"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸೊಂಟ ಸರಿಹೋಗಿರುವುದು ಕಾಣದಿರಲಿ ಎಂದು ಬಾಗಿಯೇ ನಿಂತಿದ್ದಳು. ತಮ್ಮನ ಕಣ್ಣೀರು ನೋಡಿ ಅವಳ ಕಣ್ಣೂ ಒದ್ದೆಯಾಯಿತು. ಅಪ್ಪ ಮಾತ್ರ ರೇಷ್ಮೆಹುಳುವಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ.

"ದೂರದಿಂದ್ಲೇ ಹರಸಿ ಹೋಗಿ ಕಾದಿರ್‌ಜಾನ್. ಚಿಲ್ಲಾ ಮುಗೀಲಿ."

"ಸೋದರಮಾವ ಕಣ್ರೀ ಭಾವ ನಾನು! ನನಗೆಂಥ ಚಿಲ್ಲಾ!"

ಆಗ ಕಹಳೆಯವನು, ಮಾತು ಬಿಸಿಯಾಗುತ್ತಿದೆ, ಸ್ವಲ್ಪ ಸಂಭ್ರಮ ಬೇಕು ಎಂದುಕೊಂಡು, ಕೋಣೆಯ ಕಿಟಕಿಗೇ ಮುಖ ಮಾಡಿ ಊದಿದ.

ಒಳಗಿನಿಂದ ಎಂಥ ಕೂಗೆದ್ದಿತೆಂದರೆ ಕಹಳೆಯವನೇ ಬೆಚ್ಚಿ ಹಿಂದೆ ಸರಿದ. ಮಾವ ಕಿವಿ ನಿಮಿರಿಸಿದ.

"ಕೋಳಿ?"

"ಹೂಂ," ಎಂದ ಅಪ್ಪ. ಅವನ ತಲೆ ಇಂಥ ಹೊತ್ತಿನಲ್ಲೇ ಬಹಳ ಚುರುಕಾಗಿ ಓಡಿ ಹಳ್ಳಕ್ಕೆ ಬೀಳುವುದು. "ಬಾಣಂತಿಗೆ. ಸೂಪಿಗೆ ಅಂತ ಇಟ್ಟಿದ್ದೀನಿ."

ಮಾವನ ಮುಖ ಬೆಳಗಿತು. ಕಣ್ಣೊರೆಸಿಕೊಂಡು, ಸೊಂಟದ ಒರೆಯಿಂದ ಚಾಕು ತೆಗೆದು, ತೋಳು ಮಡಚಿದ. "ಹಾಗನ್ನಿ ಮತ್ತೆ! ಇಷ್ಟು ಹೊತ್ತಾದ್ರೂ ಕುಯ್ದಿಲ್ವಾ? ಅಕ್ಕ ಎಷ್ಟು ಸೊರಗಿದ್ದಾಳೆ ನೋಡಿ. ತನ್ನಿ ಇಲ್ಲಿ, ಅಕ್ಕನ ಸೂಪಿಗೆ ನನ್ನ ಕೈಯಾರೆ ಕುಯ್ತೀನಿ."

ಅಪ್ಪ ಅಲುಗಲಿಲ್ಲ. ಮಾವ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಲು ನೋಡಿದ. ಅಪ್ಪ ಬಾಗಿಲಿಗೆ ಇನ್ನಷ್ಟು ಅಂಟಿಕೊಂಡ. ಮಾವ ಸ್ವಲ್ಪ ಜೋರಾಗಿ ಸರಿಸಿದ.

"ಅದನ್ನ ಮುಟ್ಟಬೇಡ!" ಅಪ್ಪ ಕಿರುಚಿದ. "ಅದೇ ಬಾಣಂತಿ!"

ಅಷ್ಟರಲ್ಲಿ ಇಬ್ಬರ ಭಾರಕ್ಕೆ ಬಾಗಿಲು ತೆರೆದುಕೊಂಡಿತು. ಖಾನುಮ್ ಗುಂಡಿನಂತೆ ಹೊರಬಂದು ಮಾವನ ಟೊಪ್ಪಿಯ ಮೇಲೆ ಇಳಿಯಿತು. ಚಾಕು ಎಲ್ಲೋ, ಟೊಪ್ಪಿ ಎಲ್ಲೋ. ಮಾವ ತೊಟ್ಟಿಲಿನ ಹಿಂದೆ ಅವಿತ ಮೇಲೆ ಅದು ರೆಕ್ಕೆ ಇಳಿಬಿಟ್ಟು, ಅಂಗಳದ ನಡುವೆ ನಿಂತು, ಓಣಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಕೊಕ್ ಎಂದಿತು. ಹಳದಿ, ಕಂದು, ಕಪ್ಪು ಮಚ್ಚೆಯ ಮರಿಗಳು ಹೊಸ್ತಿಲು ಹತ್ತಲಾರದೆ ಹತ್ತಿ, ಉರುಳಿ, ಎದ್ದು ಅದರ ಬಳಿ ಓಡಿದವು.

ನರ್ಸ್ ಬೆರಳು ಮಡಚಿ ಎಣಿಸಿದಳು. ಅಧ್ಯಕ್ಷ ಫೋನಿನಲ್ಲಿ ತಾನು ಬರೆದದ್ದನ್ನೆಲ್ಲ ಅಳಿಸತೊಡಗಿದ.

"ಭಾವ," ಎಂದ ಮಾವ ತೊಟ್ಟಿಲಿನ ಹಿಂದಿನಿಂದ, "ನಾನು ಕೋಳಿಗೆ ಸೋದರಮಾವ ಆದ್ನಾ?"

ಅಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಇನೋಯತ್ ಖೋಲಾಳನ್ನೇ ನೋಡುತ್ತಿದ್ದ. ಖೋಲಾ ಮುಂದೆ ಬಂದು ಮೊಣಕಾಲೂರಿ ಕೂತಿದ್ದಳು. ಅವಳ ಮುಖ ಅರಳುತ್ತಿತ್ತು, ಬಾಯಿ ತೆರೆಯುತ್ತಿತ್ತು. ಆ ಬಾಯಿಂದ ಈಗ ಬೀಳುವ ಮಾತಿನಲ್ಲಿ ಹನ್ನೊಂದು ಜೀವ, ಒಂದು ಹೇಟೆ, ಜೊತೆಗೆ ಕಮೋಡು ಅಂಗಡಿಯ ಬಾಗಿಲಲ್ಲಿ ನಿಲ್ಲಬೇಕಾದ ಒಬ್ಬ ಮನುಷ್ಯ, ಎಲ್ಲ ತೂಗಾಡುತ್ತಿದ್ದವು. ಅಪ್ಪ ಕಣ್ಣು ಮುಚ್ಚಿಕೊಂಡ. ಇಡೀ ಓಣಿಗೆ ಹೋದ ವರ್ಷದ ಕಥೆ ಗೊತ್ತಿತ್ತು. ಖೋಲಾಳಿಗೂ ಗೊತ್ತಿತ್ತು, ಒಂದು ವರ್ಷದಿಂದ ಅವಳು ನಮ್ಮ ಕೋಳಿಗಳ ಮಾತೆತ್ತಲು ಅಳುಕುತ್ತಿದ್ದಳೆಂದು ನನಗೆ ಆಗಷ್ಟೇ ಹೊಳೆಯಿತು.

ಖೋಲಾ ಬಾಯಿ ಮುಚ್ಚಿದಳು. ಗಂಟಲು ಸರಿಮಾಡಿಕೊಂಡಳು.

"ಥೂ! ಥೂ! ಥೂ!" ಎಂದಳು. "ಇಂಥ ದರಿದ್ರ ಮರಿಗಳನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಕಪ್ಪೆಗಳಿಗೆ ಹತ್ತಿ ಅಂಟಿಸಿದ ಹಾಗಿವೆ!"

ಅಪ್ಪ ಒಂದು ಕಣ್ಣು ತೆರೆದ.

"ಸೊಟ್ಟಕಾಲಿನವು," ಎಂದಳು ನರ್ಸ್ ಗಂಭೀರವಾಗಿ. "ತೂಕಾನೂ ಇಲ್ಲ."

"ಮೊಹಲ್ಲಾಕ್ಕೇ ಅವಮಾನ," ಎಂದ ಅಧ್ಯಕ್ಷ. "ಇವಕ್ಕಿಂತ ನನ್ನ ಹಳೇ ಕಾಲುಚೀಲ ಚೆಂದ."

"ಇವರಮ್ಮನ ಮೂತಿ ನೋಡಿ!" ಎಂದ ಕಹಳೆಯವನು. "ನನ್ನ ಅತ್ತೆ!"

ಒಬ್ಬರಾದ ಮೇಲೊಬ್ಬರು ಬಾಗಿ, ಥೂ ಥೂ ಎಂದು, ತಮಗೆ ತೋಚಿದ ಬೈಗುಳವನ್ನೆಲ್ಲ ಆ ಮರಿಗಳ ಮೇಲೆ ಸುರಿದರು. ನಾನೂ ಸಾಲಿನಲ್ಲಿ ನಿಂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಕೊಳಕು ಪಿಂಡಗಳೇ," ಎಂದೆ. ಅಪ್ಪನ ಮುಖ ಒಂದೊಂದು ಬೈಗುಳಕ್ಕೂ ಬೆಳಗುತ್ತ ಹೋಯಿತು. ಅವನು ಎದೆಯ ಮೇಲೆ ಕೈಯಿಟ್ಟು, ಬಾಗಿ, ಪ್ರತಿಯೊಬ್ಬರಿಗೂ "ರಹಮತ್, ರಹಮತ್" ಎಂದು ಕೃತಜ್ಞತೆ ಹೇಳಿದ. ಕಣ್ಣಲ್ಲಿ ನೀರು ನಿಂತಿತ್ತು.

ಕೊನೆಗೆ ಮಾವ ತೊಟ್ಟಿಲಿನ ಹಿಂದಿನಿಂದ ಎದ್ದು ಟೊಪ್ಪಿ ಕೊಡವಿದ. "ಬೈಯೋದೆಲ್ಲ ಅವರೇ ಬೈದ್ರು, ನನಗೆ ಬಾಕಿ ಉಳಿದಿರೋದು ನೀವೊಬ್ರೇ ಭಾವ. ತಂದ ತೊಟ್ಟಿಲು ಬರಿದಾಗಿ ವಾಪಸ್ ಒಯ್ಯೋ ಹಾಗಿಲ್ಲ, ಗೊತ್ತಲ್ಲ? ಈಗೇನು ಮಾಡ್ಲಿ?"

ಅಮ್ಮ ನೆಟ್ಟಗೆ ನಡೆದು ಬಂದಳು. ಒಂದು ತೊಟ್ಟಿಲಿಗೆ ಒಣಹುಲ್ಲು ಹಾಸಿದಳು. ಮರಿಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದು ಅದರಲ್ಲಿಟ್ಟಳು. ಖಾನುಮ್ ತೊಟ್ಟಿಲ ಸುತ್ತ ಒಂದು ಸುತ್ತು ಹಾಕಿ, ಕೆತ್ತನೆಯ ಗೂಟ ಪರೀಕ್ಷಿಸಿ, ಹಾರಿ ಒಳಗೆ ಕೂತು ಗರಿ ಹರಡಿತು. ಇನ್ನೊಂದು ತೊಟ್ಟಿಲಿಗೆ ಅಧ್ಯಕ್ಷ ಕಂಬಳಿ ಹಾಸಿದ. ಅದರಲ್ಲಿ ಮಿಠಾಯಿ ತುಂಬಿ ಓಣಿಯವರಿಗೆಲ್ಲ ಹಂಚಿದರು. ಮಧ್ಯಾಹ್ನಕ್ಕೆ ಕಡಾಯಿ ಏರಿತು, ಪಲಾವಿನ ಘಮ ಮೆಣಸಿನಕಾಯಿ ಸರವನ್ನು ದಾಟಿ ಹೊರಗೆ ಹೋಯಿತು.

ಹೊರಡುವ ಮುನ್ನ ಮಾವ ಹಲ್ಲಿಗೆ ಕಡ್ಡಿ ಹಾಕುತ್ತ ಹೇಳಿದ: "ಸರಿ, ನಗೆಪಾಟಲು ಸಾಕು. ಭಾವ, ಸೋಮವಾರದಿಂದ ಅಂಗಡಿಗೆ ಬನ್ನಿ. ಬಾಗಿಲಲ್ಲಿ ನಿಲ್ಲೋಕೆ ಜನ ಬೇಕು."

ಅಪ್ಪ ತಲೆ ತಗ್ಗಿಸಿದ. ಕ್ಯಾರೆಟ್ ಸಿಪ್ಪೆ ಗುಡಿಸುತ್ತಿದ್ದ ಅಮ್ಮ ಪೊರಕೆ ನಿಲ್ಲಿಸಿ, ಕಾಲಿನಿಂದ ತೊಟ್ಟಿಲನ್ನು ಒಮ್ಮೆ ಮೆಲ್ಲಗೆ ತೂಗಿ, ತುಟಿಯ ಮೇಲೆ ಬೆರಳಿಟ್ಟಳು.

"ಶ್... ನಿಧಾನಕ್ಕೆ ಮಾತಾಡೋ. ಈಗ ತಾನೇ ಮಲಗಿವೆ. ಅವರು ಎಲ್ಲಿಗೂ ಬರಲ್ಲ. ಮನೇಲಿ ಬಾಣಂತನ ಇದೆ."